ಎಐ ಮೊದಲ ಕೋರ್ಸ್: ಬರ್ಕ್ಲಿ, ಹಾರ್ವರ್ಡ್, ಎನ್‌ಪಿಟಿಇಎಲ್ – ಯಾವುದನ್ನು ಹಿಡಿಯಬೇಕು?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬಿಇ ಅಥವಾ ಬಿಸಿಎ ಓದುತ್ತಾ ಮೊದಲ ಸಲ ಎಐ ಕಲಿಯುವವರಿಗೆ ನನ್ನ ಸಲಹೆ ಒಂದೇ: ಬರ್ಕ್ಲಿ ವಿಶ್ವವಿದ್ಯಾಲಯದ ಸಿಎಸ್188 ಹಿಡಿಯಿರಿ. ಹಾರ್ವರ್ಡ್‌ನ ಸಿಎಸ್50 ಎಐ, ದೆಹಲಿ ಐಐಟಿಯ ಪ್ರೊ. ಮೌಸಮ್ ಅವರ ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) ಕೋರ್ಸ್ ಎರಡನ್ನೂ ಪಕ್ಕದಲ್ಲಿಟ್ಟು ಅಸೈನ್‌ಮೆಂಟ್ ಮಾಡಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಮೂರರಲ್ಲೂ ಪಾಠ ಚೆನ್ನಾಗಿದೆ, ವಿಡಿಯೊಗಳು ಉಚಿತ. ವ್ಯತ್ಯಾಸ ಗೊತ್ತಾಗುವುದು ಪಾಠ ಮುಗಿದು ಕೋಡ್ ಬರೆಯಲು ಕೂತಾಗ.

ಸಿಎಸ್188ರ ಹೆಚ್ಚಿನ ಪ್ರಾಜೆಕ್ಟ್‌ಗಳು ಪ್ಯಾಕ್‌ಮ್ಯಾನ್ ಆಟದ ಮೇಲೆ ನಿಂತಿವೆ. ಜಿಪ್ ಫೈಲ್ ಇಳಿಸಿಕೊಂಡರೆ ಅದರೊಳಗೇ ಆಟೋಗ್ರೇಡರ್ (ನಿಮ್ಮ ಕೋಡ್ ಪರೀಕ್ಷಿಸಿ ತಾನೇ ಅಂಕ ಕೊಡುವ ಪ್ರೋಗ್ರಾಂ) ಇರುತ್ತದೆ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ನೆಟ್ ಬೇಡ. ಬೇಸಿಗೆಯಲ್ಲಿ ಕರೆಂಟ್ ಹೋಗಿ ವೈಫೈ ನಿಂತರೂ ಬ್ಯಾಟರಿ ಇರುವ ತನಕ ಕೆಲಸ ಸಾಗುತ್ತದೆ.

ಅದು ತಪ್ಪು ಹಿಡಿಯುವ ರೀತಿ ನೋಡಿ. ಬಳ್ಳಾರಿಯಿಂದ ರಾಯಚೂರಿಗೆ ನೇರ ದಾರಿಯ ಬೆಲೆ 10, ಸಿಂಧನೂರಿಗೆ 3, ಅಲ್ಲಿಂದ ರಾಯಚೂರಿಗೆ 4 ಎಂದಿಟ್ಟುಕೊಳ್ಳಿ. ಯೂನಿಫಾರ್ಮ್ ಕಾಸ್ಟ್ ಸರ್ಚ್‌ನಲ್ಲಿ (ಒಟ್ಟು ಬೆಲೆ ಕಡಿಮೆ ಇರುವ ದಾರಿಯನ್ನೇ ಮೊದಲು ನೋಡುವ ಹುಡುಕಾಟ) ಊರನ್ನು ಕ್ಯೂಗೆ, ಅಂದರೆ ಮುಂದೆ ನೋಡಬೇಕಾದವುಗಳ ಸಾಲಿಗೆ, ಹಾಕುವಾಗಲೇ 'ಗುರಿ ಸಿಕ್ಕಿತೇ' ಎಂದು ಪರೀಕ್ಷಿಸಿದರೆ, ರಾಯಚೂರು ಮೊದಲು ಕಂಡದ್ದು 10ರ ದಾರಿಯಲ್ಲಿ. ಅದನ್ನೇ ಉತ್ತರ ಎಂದು ಕೊಟ್ಟುಬಿಡುತ್ತದೆ. ಕ್ಯೂನಿಂದ ಹೊರತೆಗೆಯುವಾಗ ಪರೀಕ್ಷಿಸಿದರೆ ಮೊದಲು 3ರ ಸಿಂಧನೂರು ಬರುತ್ತದೆ, ಆಮೇಲೆ 7ರ ರಾಯಚೂರು. ಸರಿ ಉತ್ತರ 7. ಈ ತಪ್ಪು ಹಿಡಿಯಲೆಂದೇ 'ಗೋಲ್ ಆ್ಯಟ್ ಡೀಕ್ಯೂ' ಹೆಸರಿನ ಟೆಸ್ಟ್ ಇಟ್ಟಿದ್ದಾರೆ. ಫೇಲ್ ಆದರೆ ನಿಮ್ಮ ದಾರಿ, ಸರಿಯಾದ ದಾರಿ, ಯಾವ ನೋಡ್‌ಗಳನ್ನು (ಹುಡುಕಾಟದ ತಾಣಗಳನ್ನು) ಯಾವ ಕ್ರಮದಲ್ಲಿ ತೆರೆಯಬೇಕಿತ್ತು ಎಂಬುದೆಲ್ಲ ತೆರೆಯ ಮೇಲೆ ಬರುತ್ತದೆ. ಹ್ಯೂರಿಸ್ಟಿಕ್ (ಗುರಿಗೆ ಇನ್ನೆಷ್ಟು ದೂರ ಎಂಬ ಅಂದಾಜು) ವಿಷಯದಲ್ಲೂ ಹೀಗೆಯೇ: ನಾಲ್ಕು ಮೂಲೆ ಮುಟ್ಟುವ ಪ್ರಶ್ನೆಯಲ್ಲಿ 2000 ನೋಡ್ ಒಳಗೆ ಮುಗಿಸಿದರೆ 1 ಅಂಕ, 1600ಕ್ಕೆ 2, 1200ಕ್ಕೆ ಪೂರ್ತಿ 3. ಪುಸ್ತಕದಲ್ಲಿ 'ಒಳ್ಳೆಯ ಹ್ಯೂರಿಸ್ಟಿಕ್' ಎಂದು ಓದಿ ಬಿಟ್ಟದ್ದು ಇಲ್ಲಿ ಎಣಿಸಿ ನೋಡುವಂತಾಗುತ್ತದೆ.

ಕಿರಿಕಿರಿ ಇರುವುದು ಪೈಥಾನ್ ಆವೃತ್ತಿಯದು. ನೆಟ್‌ನಲ್ಲಿ ಸುಲಭವಾಗಿ ಸಿಗುವ ಹಳೆಯ ಸೆಮಿಸ್ಟರಿನ ಜಿಪ್‌ಗಳು ಪೈಥಾನ್ 3.6ಕ್ಕೆ ಬರೆದವು. ಇವತ್ತು ಹೊಸದಾಗಿ ಪೈಥಾನ್ ಹಾಕಿಕೊಂಡರೆ 3.12 ಅಥವಾ ಅದಕ್ಕೂ ಮುಂದಿನದು ಬರುತ್ತದೆ. 3.12ರಲ್ಲಿ 'ಇಂಪ್' ಮಾಡ್ಯೂಲನ್ನೇ ತೆಗೆದಿದ್ದಾರೆ, ಹಾಗಾಗಿ ಆಟೋಗ್ರೇಡರ್ ಶುರುವಾಗುವುದೇ ಇಲ್ಲ. ಇದಾದರೂ ವಾಸಿ, ಏನು ಕೈಕೊಟ್ಟಿತು ಎಂದು ಕೂಡಲೇ ಗೊತ್ತಾಗುತ್ತದೆ.

ದಾರಿ ತಪ್ಪಿಸುವುದು 3.8ರಿಂದ 3.11ರ ತನಕದ ಆವೃತ್ತಿಗಳು. ಅಲ್ಲಿ ಆಟೋಗ್ರೇಡರ್ ಶುರುವಾಗುತ್ತದೆ, ನಿಮ್ಮ ಕೋಡ್ ಓಡುತ್ತದೆ, ಫಲಿತಾಂಶದ ಮೊದಲ ಸಾಲು ಅಚ್ಚಾಗುತ್ತದೆ, ಆಮೇಲೆ ಎರರ್. 3.8ರಲ್ಲಿ ಸಿಜಿಐ ಮಾಡ್ಯೂಲಿನ 'ಎಸ್ಕೇಪ್' ಫಂಕ್ಷನ್ ತೆಗೆದದ್ದೇ ಕಾರಣ. ಆದರೆ ಸ್ವಂತ ಕೋಡ್ ಓಡಿದ ಮೇಲೆ ಎರರ್ ಬಂದದ್ದರಿಂದ ಕಲಿಯುವವರು ತಮ್ಮ ಸರ್ಚ್ ಫಂಕ್ಷನ್ನೇ ತಪ್ಪೆಂದು ಅದನ್ನು ಕೆದಕುತ್ತಾ ಕೂರುತ್ತಾರೆ. ಎರರ್‌ನ ಕೊನೆಯಲ್ಲಿ ಯಾವ ಫೈಲಿನ ಹೆಸರಿದೆ ನೋಡಿ. 'ಗ್ರೇಡಿಂಗ್' ಫೈಲ್ ಎಂದಿದ್ದರೆ ತಪ್ಪು ನಿಮ್ಮದಲ್ಲ.

ಪರಿಹಾರ ಎರಡಿವೆ. ನೆಟ್ ಇದ್ದಾಗ ಒಮ್ಮೆ ಮಿನಿಕಾಂಡಾ (ಬೇರೆ ಬೇರೆ ಪೈಥಾನ್ ಆವೃತ್ತಿಗಳನ್ನು ಪ್ರತ್ಯೇಕ ಇಡುವ ಸಾಧನ) ಹಾಕಿಕೊಂಡು 3.6ರ ಬೇರೆ ಎನ್ವಿರಾನ್‌ಮೆಂಟ್ ಮಾಡಿಕೊಳ್ಳುವುದು ಮೊದಲನೆಯದು. ಟರ್ಮಿನಲ್ ತೆರೆದಾಗಲೆಲ್ಲ ಅದನ್ನು ಆ್ಯಕ್ಟಿವೇಟ್ ಮಾಡಬೇಕು, ಮರೆತರೆ ಅದೇ ಎರರ್ ಮರಳಿ ಬರುತ್ತದೆ. ಎರಡನೆಯದು ಫೈಲ್ ತಿದ್ದುವುದು: ಗ್ರೇಡಿಂಗ್ ಫೈಲಿನಲ್ಲಿ ಸಿಜಿಐ ಬದಲು ಎಚ್‌ಟಿಎಂಎಲ್ ಮಾಡ್ಯೂಲ್ ಇಂಪೋರ್ಟ್ ಮಾಡಿ ಅದರ ಎಸ್ಕೇಪ್ ಬಳಸಿ; ಆಟೋಗ್ರೇಡರ್ ಫೈಲಿನಲ್ಲಿ ಇಂಪ್ ಬದಲು 'ಟೈಪ್ಸ್' ಮಾಡ್ಯೂಲಿನ ಮಾಡ್ಯೂಲ್‌ಟೈಪ್ ಹಾಕಿ. ನನ್ನ ಓಟು ಮೊದಲನೆಯದಕ್ಕೆ. ಪ್ರತಿ ಪ್ರಾಜೆಕ್ಟಿನ ಜಿಪ್‌ನಲ್ಲೂ ಈ ಫೈಲ್‌ಗಳು ಮತ್ತೆ ಬರುತ್ತವೆ, ಮತ್ತೆ ಮತ್ತೆ ತಿದ್ದುತ್ತಾ ಕೂರಬೇಕಾಗುತ್ತದೆ.

ಆಟೋಗ್ರೇಡರ್ ಬಗ್ಗೆ ಇನ್ನೊಂದು ಮಾತು: ಪ್ರಾಜೆಕ್ಟ್ 2ರಲ್ಲಿ ಆಲ್ಫಾ-ಬೀಟಾ (ಆಟದ ನಡೆಗಳಲ್ಲಿ ನೋಡಬೇಕಿಲ್ಲದ ಕವಲುಗಳನ್ನು ಕತ್ತರಿಸುವ ವಿಧಾನ) ಬರೆಯುವಾಗ ಬೆಲೆ ಸಮ ಇದ್ದಾಗ ಕತ್ತರಿಸಬೇಡಿ, ಆಟೋಗ್ರೇಡರಿನ ನೋಡ್ ಲೆಕ್ಕ ತಾಳೆಯಾಗುವುದಿಲ್ಲ.

ಸಿಎಸ್50 ಎಐ ಎರಡನೇ ಸ್ಥಾನದಲ್ಲಿದೆ, ಅಂತರ ದೊಡ್ಡದೇನಲ್ಲ. ಏಳು ವಾರದ ಪಾಠ, ಹನ್ನೆರಡು ಪ್ರಾಜೆಕ್ಟ್, ಒಂದೊಂದರಲ್ಲೂ 70% ತೆಗೆದರೆ ಉಚಿತ ಸರ್ಟಿಫಿಕೇಟ್. ಪೈಥಾನ್ ಇನ್ನೂ ಅಳ್ಳಕ ಇದ್ದವರಿಗೆ ಬರ್ಕ್ಲಿಗಿಂತ ಇದೇ ಹಗುರ. ಸಲ್ಲಿಕೆ ಗಿಟ್‌ಹಬ್ ಮೂಲಕ, ಆದ್ದರಿಂದ ನೆಟ್ ಬೇಕೇ ಬೇಕು. ಟ್ರಾಫಿಕ್ ಪ್ರಾಜೆಕ್ಟ್‌ನಲ್ಲಿ 43 ಬಗೆಯ ರಸ್ತೆ ಫಲಕಗಳನ್ನು ಗುರುತಿಸಲು ಟೆನ್ಸರ್‌ಫ್ಲೋ ಎಂಬ ಎಐ ಲೈಬ್ರರಿ ಬಳಸಬೇಕು, 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಅಲ್ಲಿ ತಿಣುಕುತ್ತದೆ.

ಎನ್‌ಪಿಟಿಇಎಲ್ ಬೇಕಾಗುವುದು ಕ್ರೆಡಿಟ್‌ಗಾಗಿ. ಪ್ರೊ. ಮೌಸಮ್ ಪಾಠ ಗಟ್ಟಿ, ಲಾಜಿಕ್ ಮತ್ತು ಸರ್ಚ್ ಭಾಗಗಳಂತೂ ಬಿಡಬಾರದವು. ಆದರೆ ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಪಾಸಾಗಲು 25ಕ್ಕೆ 10, 75ಕ್ಕೆ 30 ಬೇಕು. ಪರೀಕ್ಷಾ ಶುಲ್ಕ 1,000 ರೂಪಾಯಿ, ಜೊತೆಗೆ ಕೇಂದ್ರಕ್ಕೆ ಹೋಗಿಬರುವ ಬಸ್ ಖರ್ಚು. ಆಯ್ಕೆ ಪ್ರಶ್ನೆಗಳಿಗೆ ಉತ್ತರ ಟಿಕ್ ಮಾಡುವುದರಿಂದ ಮೇಲೆ ಹೇಳಿದ 10 ಮತ್ತು 7ರ ತಪ್ಪು ಕೈಯಿಂದ ಹೋಗುವುದಿಲ್ಲ, ಅದಕ್ಕೆ ಕೋಡ್ ಬರೆಯಲೇಬೇಕು.

ಕಾಲೇಜು ಕ್ರೆಡಿಟ್ ಕೊಡುತ್ತದೆ ಎಂದಾದರೆ 1,000 ಕಟ್ಟಿ, ಆದರೆ ಲ್ಯಾಬ್ ಅಭ್ಯಾಸಕ್ಕೆ ಪ್ಯಾಕ್‌ಮ್ಯಾನ್ ಇಟ್ಟುಕೊಳ್ಳಿ. ಕೈಯಲ್ಲಿ ದುಡ್ಡಿಲ್ಲ, ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ಮಾತ್ರ ಸಿಗುತ್ತದೆ ಎನ್ನುವವರಿಗೆ ಸಿಎಸ್188 ಒಂದೇ ಸಾಕು. ಮೊದಲು ಪ್ರಾಜೆಕ್ಟ್ 0ಯಲ್ಲಿ ಪೈಥಾನ್ ಪರೀಕ್ಷಿಸಿ, 1ರಲ್ಲಿ ಸರ್ಚ್‌ಗೆ ಧಾರಾಳ ಸಮಯ ಕೊಡಿ, 2ರ ಮಿನಿಮ್ಯಾಕ್ಸ್ (ಎದುರಾಳಿಯ ನಡೆ ಲೆಕ್ಕ ಹಾಕಿ ಆಡುವ ವಿಧಾನ) ಬೇಗ ಮುಗಿಯುತ್ತದೆ. ಬೇಯ್ಸ್ ನೆಟ್ (ಸಂಭವನೀಯತೆಗಳ ಜಾಲ) ಪ್ರಾಜೆಕ್ಟ್ ಮುಟ್ಟುವ ಮೊದಲು ಪಿಯುಸಿ ಗಣಿತದ ಸಂಭವನೀಯತೆ ಅಧ್ಯಾಯವನ್ನು ಲೆಕ್ಕಗಳ ಸಮೇತ ಒಮ್ಮೆ ಮಾಡಿಕೊಳ್ಳಿ.