ಬಯಲಲ್ಲಿ ದುಡಿಯುವವರ ಹಗುರ ಟೋಪಿ: ಎರಡು ಬೇಸಿಗೆ ಬಳಸಿದ ಮೇಲೆ

ಬಿಸಿಲಿನ ಟೋಪಿಯನ್ನು ಅಂಗಡಿಯಲ್ಲಿ ತಲೆಗೆ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಎಲ್ಲ ಟೋಪಿಯೂ ಚೆನ್ನಾಗಿಯೇ ಇರುತ್ತದೆ. ಅದರ ಗುಣ ತಿಳಿಯುವುದು ಕೆಲಸ ಶುರುವಾಗಿ ಮೂರ್ನಾಲ್ಕು ಗಂಟೆ ಕಳೆದ ಮೇಲೆ. ಬೆವರು ಹುಬ್ಬಿನ ಮೇಲೆ ಇಳಿಯುತ್ತಿರುತ್ತದೆ, ಎರಡೂ ಕೈಗೆ ಮಣ್ಣು ಮೆತ್ತಿರುತ್ತದೆ, ಟೋಪಿ ಸರಿಮಾಡಿಕೊಳ್ಳಲು ಪುರುಸೊತ್ತಿರುವುದಿಲ್ಲ. ಆಗಲೂ ಅದನ್ನು ತೆಗೆದು ಪಕ್ಕಕ್ಕಿಡಬೇಕು ಅನ್ನಿಸದಿದ್ದರೆ ಅದು ಕೆಲಸಗಾರರ ಟೋಪಿ. ನಾನು ಎರಡು ಬೇಸಿಗೆ ಬಳಸಿರುವ ಈ ಟೋಪಿ ಆ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆದ್ದಿದೆ. ಒಂದೆರಡು ಕಡೆ ಮಾತ್ರ ಸೋತಿದೆ.

ನನ್ನದು ಸರ್ವೆ ಕೆಲಸ. ದಿನವಿಡೀ ಬಯಲಲ್ಲಿ ನಿಲ್ಲಬೇಕು, ನಡೆಯಬೇಕು. ಜೊತೆಗೆ ಕಾಲುವೆ ಅಗೆಯುವವರು, ಪೈಪ್ ಇಳಿಸುವವರು, ಗಾರೆ ಕೆಲಸದವರು ಇರುತ್ತಾರೆ. ಎಲ್ಲರಿಗೂ ಒಂದೇ ಮಾದರಿಯ ಟೋಪಿ ಬಂತು. ಹಾಗಾಗಿ ಬೇರೆ ಬೇರೆ ಕೆಲಸದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಹತ್ತಿರದಿಂದ ನೋಡಲು ಸಿಕ್ಕಿತು.

ಟೋಪಿ ಹೀಗಿದೆ. ಮೇಲೆ ತಿಳಿ ಬಣ್ಣದ ತೆಳು ಪಾಲಿಯೆಸ್ಟರ್ ಬಟ್ಟೆ. ಸುತ್ತಲ ಅಂಚು ಮುಂದೆ ಸುಮಾರು 8 ಸೆಂಟಿಮೀಟರ್, ಹಿಂದೆ ಇನ್ನೂ ಸ್ವಲ್ಪ ಅಗಲ. ಅಂಚಿನ ಕೆಳಮೈ ಕಡು ಬಣ್ಣ. ಅಂಚಿನೊಳಗೆ ತೆಳುವಾದ ಪ್ಲಾಸ್ಟಿಕ್ ಕಡ್ಡಿ ಹೊಲಿದಿದ್ದಾರೆ, ಹಾಗಾಗಿ ಮಡಚಿ ಚೀಲಕ್ಕೆ ತುರುಕಿದರೂ ತೆಗೆದ ಕೂಡಲೇ ತನ್ನ ಆಕಾರಕ್ಕೆ ಬರುತ್ತದೆ. ಪಕ್ಕಗಳಲ್ಲಿ ಬಲೆಬಟ್ಟೆಯ ಕಿಟಕಿಗಳು. ಹಿಂದೆ ಕತ್ತು ಮುಚ್ಚುವ ಪರದೆ, ಬೇಕಾದಾಗ ಪ್ರೆಸ್ ಬಟನ್ ಹಾಕಿ ಸೇರಿಸಬಹುದು. ಪರದೆ ಇಲ್ಲದೆ ತೂಕ 100 ಗ್ರಾಂಗಿಂತ ಕಡಿಮೆ.

ಆದರೆ ಇದರ ಜೀವಾಳ ಇರುವುದು ಒಳಗೆ. ತಲೆಗೆ ತಾಗುವ ಒಳಪಟ್ಟಿಯನ್ನು ಟೋಪಿಗೆ ಪೂರ್ತಿ ಹೊಲಿದಿಲ್ಲ. ನಾಲ್ಕು ಕಡೆ ಮಾತ್ರ ಹಿಡಿದಿದ್ದಾರೆ. ಪಟ್ಟಿಗೂ ಟೋಪಿಯ ಗೋಡೆಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಇದೆ. ನೆತ್ತಿಯ ಮೇಲೂ ಬಟ್ಟೆ ಕೂದಲಿಗೆ ತಾಗದೆ ಸ್ವಲ್ಪ ಮೇಲೆ ನಿಲ್ಲುತ್ತದೆ. ಈ ಜಾಗ ನೋಡಲು ಏನೂ ಅಲ್ಲ. ನನ್ನ ಮಟ್ಟಿಗೆ ಇಡೀ ಟೋಪಿಯ ಬೆಲೆ ಅದರಲ್ಲೇ ಇದೆ.

ಯಾಕೆ ಅಂದರೆ, ನೆರಳು ಕೊಡುವುದು ಸುಲಭ. ಯಾವ ಬಟ್ಟೆ ತುಂಡು ಹಿಡಿದರೂ ನೆರಳು ಬೀಳುತ್ತದೆ. ಕಷ್ಟ ಇರುವುದು ನೆರಳಿನ ಜೊತೆ ಗಾಳಿಯನ್ನೂ ಕೊಡುವುದರಲ್ಲಿ. ಮೈ ತಣ್ಣಗಾಗುವುದು ಬೆವರು ಸುರಿದಾಗ ಅಲ್ಲ, ಬೆವರು ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಅದೇ ಬೆವರು ಹನಿಹನಿಯಾಗಿ ನೆಲಕ್ಕೆ ಬಿದ್ದರೆ ಆ ಲಾಭ ಸಿಗುವುದಿಲ್ಲ. ಬಿಗಿಯಾದ ಟೋಪಿ ಪಾತ್ರೆ ಮೇಲಿನ ಮುಚ್ಚಳ ಇದ್ದಂತೆ. ಒಳಗಿನ ತೇವ ಹೊರಗೆ ಹೋಗಲು ದಾರಿ ಇರುವುದಿಲ್ಲ, ಬೆವರು ಆರುವುದೂ ನಿಲ್ಲುತ್ತದೆ. ನಡುವೆ ಜಾಗ ಇದ್ದರೆ ಬಿಸಿಗಾಳಿ ಮೇಲಿನ ಕಿಟಕಿಯಿಂದ ಹೊರಗೆ ಹೋಗುತ್ತದೆ, ಕೆಳಗಿಂದ ಬೇರೆ ಗಾಳಿ ಬರುತ್ತದೆ. ಬಿಸಿಲಿಗೆ ಕಾದ ಬಟ್ಟೆಯ ಶಾಖವೂ ನೇರವಾಗಿ ತಲೆಗೆ ಇಳಿಯುವುದಿಲ್ಲ.

ಇದು ಹೊಸ ವಿಚಾರ ಏನಲ್ಲ. ಗರಿಯಿಂದ ಹೆಣೆದ ಶಂಕುವಿನಾಕಾರದ ಟೋಪಿಗಳಲ್ಲಿ ತಲೆ ಕೂರಲು ಒಳಗೊಂದು ಬಳೆ ಇರುತ್ತದೆ. ಉಳಿದ ಟೋಪಿ ತಲೆಯಿಂದ ದೂರವೇ ನಿಲ್ಲುತ್ತದೆ. ಹಳೆಯ ಬೆಂಡಿನ ಟೋಪಿಗಳಲ್ಲೂ ಒಳಪಟ್ಟಿಗೂ ಬೆಂಡಿಗೂ ನಡುವೆ ಗಾಳಿಗೆಂದೇ ಸಂದು ಬಿಡುತ್ತಿದ್ದರು. ಆಗಿನವರಿಗೆ ತಿಳಿದಿದ್ದನ್ನು ಈಗಿನ ಎಷ್ಟೋ ಬಟ್ಟೆ ಟೋಪಿಗಳು ಮರೆತಿವೆ. ತಲೆಗೆ ಅಂಟಿಕೊಂಡು ಕೂರುವ ದಪ್ಪ ಹತ್ತಿ ಟೋಪಿ ಹಾಕಿಕೊಂಡು ಗುದ್ದಲಿ ಹಿಡಿದು ನೋಡಿ, ಅರ್ಧ ಗಂಟೆಯಲ್ಲಿ ತಾನಾಗಿಯೇ ಕೈ ಟೋಪಿಗೆ ಹೋಗುತ್ತದೆ. ಹತ್ತಿ ಬೆವರನ್ನು ಹೀರಿ ಭಾರವಾಗುತ್ತದೆ. ಒದ್ದೆಯಾದ ಹತ್ತಿ ಬಟ್ಟೆ ಒಣ ಬಟ್ಟೆಗಿಂತ ಜಾಸ್ತಿ ನೇರಳಾತೀತ ಕಿರಣಗಳನ್ನು ಒಳಗೆ ಬಿಡುತ್ತದೆ ಕೂಡ.

ಈಗ ಲೇಬಲ್ ವಿಷಯ. ಟೋಪಿಯ ಒಳಗೆ ಯುಪಿಎಫ್ 50+ ಎಂದು ಬರೆದಿದೆ. ಅಂದರೆ ಬಟ್ಟೆಯ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಐವತ್ತರಲ್ಲಿ ಒಂದು ಭಾಗ, ಅಂದರೆ ನೂರಕ್ಕೆ 2ರಷ್ಟು ಮಾತ್ರ ಅಥವಾ ಅದಕ್ಕೂ ಕಡಿಮೆ ಒಳಗೆ ಬರುತ್ತದೆ. ಬಟ್ಟೆಗಳನ್ನು ಹೀಗೆ ಅಳೆಯುವ ಮಾನದಂಡವನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 1996ರಲ್ಲೇ ತಂದವು. ನಂಬಬಹುದಾದ ಅಳತೆಯೇ. ಆದರೆ ಒಂದು ಮಾತು ನೆನಪಿರಲಿ: ಈ ಸಂಖ್ಯೆ ಬಟ್ಟೆಯದ್ದು, ಇಡೀ ಟೋಪಿಯದ್ದಲ್ಲ. ಬಲೆಬಟ್ಟೆಯ ತೂತುಗಳಿಗೆ ಅದು ಅನ್ವಯಿಸುವುದಿಲ್ಲ. ಎಷ್ಟೋ ಟೋಪಿಗಳಲ್ಲಿ ಪಕ್ಕದ ಬಲೆಗೆ ಏನೂ ಮರೆ ಇರುವುದಿಲ್ಲ, ಬಿಸಿಲು ಓರೆಯಾಗಿ ಬಂದಾಗ ಸೀದಾ ತಲೆಗೆ ಬೀಳುತ್ತದೆ. ಕೂದಲು ಕಡಿಮೆ ಇರುವವರಿಗೆ ಅಲ್ಲೇ ಚರ್ಮ ಸುಡುತ್ತದೆ. ಈ ಟೋಪಿಯಲ್ಲಿ ಬಲೆಯ ಮೇಲೆ ಸಣ್ಣ ಚಾವಣಿಯ ಹಾಗೆ ಬಟ್ಟೆಯ ಪಟ್ಟಿ ಇಳಿಬಿಟ್ಟಿದ್ದಾರೆ. ಗಾಳಿ ಕೆಳಗಿಂದ ಹೋಗುತ್ತದೆ, ಬಿಸಿಲು ಬರುವುದಿಲ್ಲ. ಇದನ್ನು ಯೋಚಿಸಿದವರು ಬಿಸಿಲಲ್ಲಿ ನಿಂತು ಯೋಚಿಸಿದ್ದಾರೆ ಅನ್ನುವುದು ನನ್ನ ನಂಬಿಕೆ.

ಅಂಚಿನ ಅಗಲವೂ ಸುಮ್ನೆ ಅಲ್ಲ. ದೊಡ್ಡವರಿಗೆ ಕನಿಷ್ಠ 7.5 ಸೆಂಟಿಮೀಟರ್ ಅಂಚು ಬೇಕು ಎಂದು ಆಸ್ಟ್ರೇಲಿಯಾದ ಕ್ಯಾನ್ಸರ್ ಕೌನ್ಸಿಲ್ ಹೇಳುತ್ತದೆ. ಮುಂದೆ ಮಾತ್ರ ಮೂತಿ ಇರುವ ಕ್ಯಾಪ್ ಕಿವಿ, ಕೆನ್ನೆ, ಕತ್ತನ್ನು ಬಿಸಿಲಿಗೇ ಬಿಡುತ್ತದೆ. ಅಗಲ ಅಂಚಿಗೂ ಮಿತಿ ಇದೆ, ಯಾಕೆಂದರೆ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ಒಣ ಮರಳು ನೇರಳಾತೀತ ಕಿರಣಗಳಲ್ಲಿ ಸುಮಾರು ನೂರಕ್ಕೆ 15ರಷ್ಟನ್ನು ವಾಪಸ್ ಎಸೆಯುತ್ತದೆ. ಹೊಸದಾಗಿ ಬಿದ್ದ ಹಿಮವಾದರೆ 80ರವರೆಗೂ. ಕೆಳಗಿಂದ ಬಂದ ಬೆಳಕನ್ನು ಅಂಚಿನ ಕಡು ಬಣ್ಣದ ಕೆಳಮೈ ಹೀರಿಕೊಳ್ಳುತ್ತದೆ, ಮುಖಕ್ಕೆ ಮತ್ತೆ ಎಸೆಯುವುದಿಲ್ಲ. ಕಣ್ಣಿಗೆ ಆಗುವ ಹಿತ ಮೊದಲ ದಿನವೇ ಗೊತ್ತಾಯಿತು. ತೆಳು ಮೋಡ ಇದ್ದಾಗಲೂ ಟೋಪಿ ಹಾಕಿಕೊಳ್ಳುವುದು ಒಳ್ಳೆಯದು, ನೇರಳಾತೀತ ಕಿರಣಗಳ ಬಹುಪಾಲು ಅಂಥ ಮೋಡ ದಾಟಿ ಬರುತ್ತದೆ. ನೇರಳಾತೀತ ಕಿರಣಗಳ ತೀವ್ರತೆ ಹೇಳುವ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇನ್ನು ಕೆಲಸದ ಮಾತು. ಟೋಪಿ ಮಾಡುವವರು ತುಂಬ ಸಲ ನೇರ ನಿಂತ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ. ಕೂಲಿ ಕೆಲಸದಲ್ಲಿ ನೇರ ನಿಲ್ಲುವುದೇ ಅಪರೂಪ, ಅಲ್ವಾ? ಅಗೆಯುವವರು ಬಗ್ಗಿರುತ್ತಾರೆ. ಬಗ್ಗಿದಾಗ ಅಂಚಿನ ನೆರಳು ಮುಖದ ಕಡೆಗೆ ಹೋಗುತ್ತದೆ, ಕತ್ತು ಪೂರ್ತಿ ತೆರೆದುಕೊಳ್ಳುತ್ತದೆ. ಅವರಿಗೆ ಹಿಂದಿನ ಪರದೆ ಇಲ್ಲದೆ ಈ ಟೋಪಿ ಅರ್ಧ ಟೋಪಿ ಅಷ್ಟೇ. ನಮ್ಮಲ್ಲಿ ಅಗೆಯುವವರು ಪರದೆ ಬಿಚ್ಚುವುದೇ ಇಲ್ಲ. ಮೇಲೆ ನೋಡಿ ಕೆಲಸ ಮಾಡುವವರ ಕಥೆ ಬೇರೆ. ತಲೆ ಎತ್ತಿದರೆ ಹಿಂದಿನ ಅಂಚು ಬೆನ್ನಿಗೆ ತಗುಲಿ ಟೋಪಿ ಮುಂದಕ್ಕೆ ಜಾರುತ್ತದೆ. ಹಿಂದಿನ ಅಂಚನ್ನು ಮೇಲಕ್ಕೆ ಮಡಚಿ ಹಿಡಿಸಲು ಒಂದು ಗುಂಡಿ ಇದ್ದಿದ್ದರೆ ಸಾಕಿತ್ತು, ಅದಿಲ್ಲ. ನನಗೆ ಸರ್ವೆ ಉಪಕರಣಕ್ಕೆ ಕಣ್ಣಿಡುವಾಗ ಮುಂದಿನ ಅಂಚು ಅಡ್ಡ ಬರುತ್ತದೆ. ಒಳಗಿನ ಕಡ್ಡಿ ಮೃದುವಾಗಿರುವುದರಿಂದ ಒಂದೇ ಕೈಯಲ್ಲಿ ಮೇಲಕ್ಕೆ ಮಡಚಬಹುದು, ಬಿಟ್ಟ ತಕ್ಷಣ ಇಳಿಯುತ್ತದೆ. ಅಷ್ಟರ ಮಟ್ಟಿಗೆ ತೊಂದರೆ ಇಲ್ಲ. ತಲೆ ಮೇಲೆ ಹೊರೆ ಹೊರುವವರಿಗೆ ಮಾತ್ರ ಇದು ಆಗಿಬರುವುದಿಲ್ಲ. ಹೊರೆ ಇಳಿಸಿದ ಮೇಲೆ ಹಾಕಿಕೊಳ್ಳಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ತುರುಬು ಕಟ್ಟುವ ಹೆಂಗಸರಿಂದ ಒಂದು ದೂರು ಬಂತು, ಅದು ಸರಿಯಾದ ದೂರು. ಒಳಪಟ್ಟಿಯ ಹಿಂಭಾಗದಲ್ಲಿ ತುರುಬಿಗೆ ಜಾಗವೇ ಬಿಟ್ಟಿಲ್ಲ. ತುರುಬಿನ ಮೇಲೆ ಕೂತ ಟೋಪಿ ಮುಂದಕ್ಕೆ ವಾಲುತ್ತದೆ, ಕಣ್ಣಿಗೆ ಮರೆಯಾಗುತ್ತದೆ. ಬಯಲು ಕೆಲಸದಲ್ಲಿ ಇಷ್ಟೊಂದು ಹೆಂಗಸರು ಇರುವಾಗ ಗಂಡಸರ ತಲೆಯನ್ನೇ ಅಳತೆಯಾಗಿಟ್ಟುಕೊಂಡು ಟೋಪಿ ಹೊಲಿಯುವುದು ನ್ಯಾಯವಲ್ಲ. ಹಿಂದೆ ಒಂದು ಸೀಳು, ಅದಕ್ಕೊಂದು ಎಳೆದು ಬಿಗಿ ಮಾಡುವ ದಾರ, ಇಷ್ಟು ಸಾಕು. ತೂಕವೇನೂ ಹೆಚ್ಚಾಗುವುದಿಲ್ಲ.

ಹಗುರ ಟೋಪಿಗೆ ಗಾಳಿಯೇ ಶತ್ರು. ಗದ್ದದ ದಾರ ಇಲ್ಲದಿದ್ದರೆ ಇದು ಹಾರಿಹೋಗುವುದು ಖಂಡಿತ. ದಾರ ಇದೆ, ಜೋರಾಗಿ ಎಳೆದರೆ ತಾನಾಗಿ ಬಿಟ್ಟುಕೊಳ್ಳುವ ಕ್ಲಿಪ್ ಕೂಡ ಇದೆ. ಈ ಕ್ಲಿಪ್ ಇರುವುದು ಬಹಳ ಮುಖ್ಯ. ಕಾಂಕ್ರೀಟ್ ಮಿಕ್ಸರ್‌ನಂಥ ತಿರುಗುವ ಯಂತ್ರಕ್ಕೆ ದಾರ ಸಿಕ್ಕಿಕೊಂಡರೆ ಟೋಪಿ ಹೋಗಬೇಕು, ಕತ್ತು ಹೋಗಬಾರದು. ಯಾವ ಟೋಪಿ ಕೊಂಡರೂ ಗಂಟು ಹಾಕುವ ದಾರವಿದ್ದರೆ ಯಂತ್ರದ ಹತ್ತಿರ ಅದನ್ನು ಕಟ್ಟಿಕೊಳ್ಳಬೇಡಿ.

ಕಿವಿಯ ಬಗ್ಗೆಯೂ ಹೇಳಲೇಬೇಕು. ಪರದೆ ಕಿವಿಯನ್ನೂ ಮುಚ್ಚುತ್ತದೆ. ಚರ್ಮಕ್ಕೆ ಅದು ಒಳ್ಳೆಯದೇ, ಆದರೆ ಗಾಳಿಗೆ ಬಟ್ಟೆ ಪಟಪಟ ಹೊಡೆದುಕೊಂಡರೆ ಹಿಂದೆ ಬರುವ ಲಾರಿಯ ಸದ್ದು ಮಸುಕಾಗುತ್ತದೆ. ಕಣ್ಣಂಚಿನ ನೋಟವನ್ನೂ ಪರದೆ ಸ್ವಲ್ಪ ತಿನ್ನುತ್ತದೆ. ಗಾಡಿಗಳು ಓಡಾಡುವ ಕಡೆ ನಾವು ಪರದೆಯನ್ನು ಕಿವಿ ಹಿಂದಕ್ಕೆ ಸರಿಸಿ ಬಟನ್ ಹಾಕಿಕೊಳ್ಳುತ್ತೇವೆ. ಕಿವಿಯ ಬಳಿ ಬಲೆಬಟ್ಟೆ ಇಟ್ಟಿದ್ದರೆ ಸದ್ದಾದರೂ ಸರಿಯಾಗಿ ಕೇಳುತ್ತಿತ್ತು.

ಬಾಳಿಕೆ ಹೇಗೆ? ಮೇಲಿನ ಬಟ್ಟೆ ಸ್ವಲ್ಪ ಬಣ್ಣ ಬಿಟ್ಟಿದೆ, ಹರಿದಿಲ್ಲ. ಅಂಚಿನ ಕಡ್ಡಿ ಇನ್ನೂ ಗಟ್ಟಿ. ಪ್ರೆಸ್ ಬಟನ್ ಪ್ಲಾಸ್ಟಿಕ್ ಆದ್ದರಿಂದ ಬೆವರಿನ ಉಪ್ಪಿಗೆ ತುಕ್ಕು ಹಿಡಿದಿಲ್ಲ. ವೆಲ್ಕ್ರೋ ಹಾಕದೇ ಇದ್ದದ್ದು ಒಳ್ಳೆಯದಾಯಿತು, ಸಿಮೆಂಟ್ ಧೂಳು ತುಂಬಿದ ವೆಲ್ಕ್ರೋ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ಕೈಕೊಟ್ಟಿದ್ದು ಒಳಪಟ್ಟಿ. ಅದರೊಳಗಿನ ಸ್ಪಂಜು ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಅಂಟಂಟಾಗಿ, ಆಮೇಲೆ ಪುಡಿಯಾಗಿ ಹಣೆಗೆ ಮೆತ್ತತೊಡಗಿತು. ಬೆವರು ಮತ್ತು ಶಾಖಕ್ಕೆ ಇಂಥ ಸ್ಪಂಜು ಕರಗುವುದು ಸಹಜ. ಆದ್ದರಿಂದಲೇ ಅದನ್ನು ಬದಲಾಯಿಸಲು ಬರುವ ಹಾಗೆ ಮಾಡಬೇಕಿತ್ತು. ಇಲ್ಲಿ ಹೊಲಿದುಬಿಟ್ಟಿದ್ದಾರೆ. ನಾವು ಹೊಲಿಗೆ ಬಿಚ್ಚಿ, ಟವೆಲ್ ಬಟ್ಟೆಯ ಪಟ್ಟಿ ಹಾಕಿಸಿಕೊಂಡೆವು. ಬೆವರು ಚೆನ್ನಾಗಿ ಹೀರುತ್ತದೆ, ಸಂಜೆ ತೆಗೆದು ತೊಳೆಯಬಹುದು.

ತೊಳೆಯುವುದು ಸುಲಭ. ತಣ್ಣೀರು, ಸ್ವಲ್ಪ ಸೋಪು, ಹಿಂಡದೆ ನೆರಳಲ್ಲಿ ನೇತುಹಾಕಿದರೆ ಬೇಗ ಒಣಗುತ್ತದೆ. ಉಪ್ಪಿನ ಬಿಳಿ ಗೆರೆ ಕಂಡ ದಿನವೇ ತೊಳೆದರೆ ಬಟ್ಟೆ ಬಿರುಸಾಗುವುದಿಲ್ಲ. ಒಬ್ಬರ ಟೋಪಿ ಇನ್ನೊಬ್ಬರು ಹಾಕಿಕೊಳ್ಳುವುದು ಬೇಡ, ಒಳಗೆ ಹೆಸರು ಬರೆದುಕೊಳ್ಳಿ. ಟೋಪಿ ಕೆಳಗೆ ವಸ್ತ್ರ ಸುತ್ತುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಗಾಳಿಯ ಜಾಗವನ್ನೆಲ್ಲ ಅದೇ ತುಂಬಿಬಿಡುತ್ತದೆ.

ಮೇಲಿನಿಂದ ಏನಾದರೂ ಬೀಳಬಹುದಾದ ಜಾಗದಲ್ಲಿ ಈ ಟೋಪಿ ಹಾಕಿಕೊಂಡು ನಿಲ್ಲಬಾರದು. ಅಲ್ಲಿ ಹೆಲ್ಮೆಟ್ಟೇ ಬೇಕು. ಹೆಲ್ಮೆಟ್ ಒಳಗೆ ಇದನ್ನು ಹಾಕುವುದೂ ತಪ್ಪು, ಪೆಟ್ಟು ತಡೆಯಲು ಬಿಟ್ಟಿರುವ ಜಾಗ ಮುಚ್ಚಿಹೋಗುತ್ತದೆ. ಹೆಲ್ಮೆಟ್‌ಗೆ ಹೊರಗಿನಿಂದ ಸಿಕ್ಕಿಸುವ ನೆರಳಿನ ಅಂಚುಗಳು ಸಿಗುತ್ತವೆ, ಅದಕ್ಕೆಂದೇ ಮಾಡಿದ್ದನ್ನು ಕೇಳಿ ಪಡೆಯಿರಿ.

ಟೋಪಿ ಕೊಡಿಸಿದೆವು, ಇನ್ನು ಎಷ್ಟು ಹೊತ್ತು ಬೇಕಾದರೂ ಬಿಸಿಲಲ್ಲಿ ದುಡಿಸಬಹುದು ಎಂದು ತಿಳಿಯುವ ಮೇಸ್ತ್ರಿಗಳು, ಗುತ್ತಿಗೆದಾರರು ಇದ್ದಾರೆ. ಅವರಿಗೆ ಇದನ್ನು ಕೈಮುಗಿದು ಹೇಳುತ್ತೇನೆ. ತಲೆ, ಮುಖ, ಕತ್ತು ಸೇರಿದರೂ ಮೈಯ ಚರ್ಮದಲ್ಲಿ ನೂರಕ್ಕೆ ಸುಮಾರು 9 ಭಾಗ ಅಷ್ಟೇ. ಉಳಿದ ಮೈಗೆ ನೀರು, ನೆರಳು, ವಿರಾಮವೇ ಬೇಕು. ಬಿಸಿಯಲ್ಲಿ ದುಡಿಯುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು, ಸುಮಾರು 240 ಮಿಲಿಲೀಟರ್, ನೀರು ಕುಡಿಯಬೇಕು. ಬಿಸಿಲಿಗೆ ಹೊಸಬರಾದವರನ್ನು ಮೊದಲ ದಿನವೇ ಪೂರ್ತಿ ದುಡಿಸಬಾರದು. ಮೊದಲ ದಿನ ಬಿಸಿಲಲ್ಲಿ ಐದನೇ ಒಂದು ಭಾಗ ಹೊತ್ತು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಬೇಕು. ಯಾರಾದರೂ ತೊದಲಿದರೆ, ಗೊಂದಲದ ಮಾತಾಡಿದರೆ, ಕುಸಿದರೆ ಟೋಪಿ ತೆಗೆದು ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯಿರಿ, ಆಂಬುಲೆನ್ಸ್ ಕರೆಯಿರಿ. ಅದು ಬಿಸಿಲಾಘಾತ ಇರಬಹುದು, ಕಾಯುತ್ತ ಕೂರುವಂಥದ್ದಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅಗೆಯುವವರು, ಸಸಿ ನೆಡುವವರು, ರಸ್ತೆ ಬದಿ ಕೆಲಸದವರು, ನನ್ನಂಥ ಸರ್ವೆಯವರು ಧೈರ್ಯವಾಗಿ ಕೊಳ್ಳಬಹುದು. ತಂಡಕ್ಕೆಂದು ತರಿಸುವವರು ಎಲ್ಲರಿಗೂ ಒಂದೇ ಅಳತೆ ತರಿಸದೆ, ಮೊದಲು ತಲೆಯ ಸುತ್ತಳತೆ ತೆಗೆದುಕೊಳ್ಳಿ. ಒಳಪಟ್ಟಿ ಬಿಗಿಯಾದರೆ ಹಣೆ ನೋಯುತ್ತದೆ, ಸಡಿಲವಾದರೆ ಇಡೀ ಭಾರ ಗದ್ದದ ದಾರದ ಮೇಲೆ ಬೀಳುತ್ತದೆ. ಮಾಡುವವರು ತುರುಬಿಗೆ ಸೀಳು ಕೊಟ್ಟು, ಬಿಚ್ಚಿ ತೊಳೆಯುವ ಒಳಪಟ್ಟಿಯನ್ನು ಟೋಪಿಯ ಜೊತೆಗೇ ಒಂದು ಹೆಚ್ಚುವರಿಯಾಗಿ ಕೊಟ್ಟರೆ ಆ ಉಳಿದ ಒಂದು ಅಂಕವನ್ನೂ ಕೊಡುತ್ತೇನೆ.