ರಾಪರ್‌ನ ಮೈಕನ್ನು ಒಂಟಿಯಾಗಿ ಕೇಳದೆ ಮಿಕ್ಸಿಂಗ್ ಒಪ್ಪಿಕೊಳ್ಳಬೇಡಿ

ಇಡೀ ಬ್ಯಾಂಡ್ ಒಂದೇ ಕೊಠಡಿಯಲ್ಲಿ ನುಡಿಸಿ, ರಾಪರ್ ಕೂಡ ಅಲ್ಲೇ ನಿಂತು ಹಾಡಿದ ರೆಕಾರ್ಡಿಂಗ್ ನಿಮ್ಮ ಬಳಿ ಮಿಕ್ಸಿಂಗ್‌ಗೆ, ಅಂದರೆ ಎಲ್ಲ ಮೈಕ್‌ಗಳ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸಲು, ಬಂದರೆ ಮೊದಲು ಅವನ ಮೈಕ್‌ನ ಟ್ರ್ಯಾಕನ್ನು ಮಾತ್ರ ಹಾಕಿ ಕೇಳಿ. ಅವನು ಹಾಡುವ ಕಡೆಯಲ್ಲ, ಉಸಿರೆಳೆದುಕೊಳ್ಳುವ ಕಡೆ ಕಿವಿಗೊಡಿ. ನಾನು ಹಾಗೆ ಮಾಡಲಿಲ್ಲ. ಮೊಬೈಲ್‌ಗೆ ಕಳಿಸಿದ ಕಚ್ಚಾ ಮಿಶ್ರಣವೊಂದನ್ನು ಕೇಳಿ, ನುಡಿಸಾಣಿಕೆಗೆ ಮರುಳಾಗಿ, ಆರು ಹಾಡುಗಳನ್ನು ಹತ್ತು ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದುಬಿಟ್ಟೆ. ಏಳು ವಾರ ಹಿಡಿಯಿತು.

ನುಡಿಸಾಣಿಕೆ ನಿಜಕ್ಕೂ ಚೆನ್ನಾಗಿತ್ತು. ಡ್ರಮ್ಮರ್ ಅಂತೂ ಗಡಿಯಾರದಂಥ ಮನುಷ್ಯ. ಮೋಸ ಹೋದದ್ದು ಅಲ್ಲಿಯೇ. 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಹಾಡುಗಳ ಡ್ರಮ್ಸ್ ಭಾಗವನ್ನಷ್ಟೇ ಹಿಗ್ಗಿಸಿ ನುಡಿಸಿದಂದಿನಿಂದ ಹಿಪ್ ಹಾಪ್‌ನಲ್ಲಿ ಡ್ರಮ್ಸ್ ಎದುರಿಗೇ ಇರಬೇಕು. ರಾಪರ್‌ನ ಮಾತು ಅದಕ್ಕಿಂತಲೂ ಎದುರಿಗೆ, ಕಿವಿಯಲ್ಲಿ ಹೇಳಿದ ಹಾಗೆ ಇರಬೇಕು. ಮೊದಲೇ ಸಿದ್ಧಪಡಿಸಿದ ಬೀಟ್ ಮೇಲೆ ಹಾಡಿದಾಗ ಇದು ಕಷ್ಟವಲ್ಲ, ಎರಡೂ ಬೇರೆ ಬೇರೆಯಾಗಿಯೇ ಕೈಗೆ ಸಿಗುತ್ತವೆ. ಇಲ್ಲಿ ಅವು ಒಂದರೊಳಗೊಂದು ಸೇರಿಕೊಂಡಿದ್ದವು.

ಮೊದಲ ದಿನ ಡ್ರಮ್ಸ್ ಕೂರಿಸಿದೆ. ಚಟ್ಟನೆ ಸಿಡಿಯುವ ಸ್ನೇರ್ ಡ್ರಮ್ ಎದೆಗೆ ತಟ್ಟುವಂತಿತ್ತು. ಆಮೇಲೆ ರಾಪರ್‌ನ ಫೇಡರ್ (ಶಬ್ದದ ಮಟ್ಟ ಹೊಂದಿಸುವ ಗುಂಡಿ) ಏರಿಸಿದೆ. ಅದುವರೆಗೆ ಸ್ನೇರ್ ಬಾರಿಸುತ್ತಿದ್ದವನು ತಟ್ಟನೆ ತಗಡಿನ ಡಬ್ಬ ಬಾರಿಸತೊಡಗಿದಂತಾಯಿತು. ಟ್ರ್ಯಾಕನ್ನು ಒಂಟಿಯಾಗಿ ಕೇಳಿದ್ದು ಆಗ. ಮಾತಿನ ನಡುವೆ ಪೂರ್ತಿ ಡ್ರಮ್ ಸೆಟ್ ಕುಳಿತಿತ್ತು. ಲೋಹದ ತಟ್ಟೆಗಳಾದ ಸಿಂಬಲ್‌ಗಳಂತೂ ಅವುಗಳಿಗೆಂದೇ ಇಟ್ಟ ಓವರ್‌ಹೆಡ್ ಮೈಕ್‌ಗಳಿಗಿಂತ ಇಲ್ಲೇ ಜೋರು.

ರಾಪರ್ ಸ್ನೇರ್‌ನಿಂದ ಸುಮಾರು ಎರಡು ಮೀಟರ್ ದೂರದಲ್ಲಿ ನಿಂತಿದ್ದ. ಶಬ್ದ ಒಂದು ಮೀಟರ್ ದಾಟಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಸ್ನೇರ್‌ನ ಹತ್ತಿರದ ಮೈಕ್‌ನಲ್ಲಿ ದಾಖಲಾದ ಏಟೇ ಇವನ ಮೈಕ್‌ನಲ್ಲಿ 6 ಮಿಲಿಸೆಕೆಂಡ್ ತಡವಾಗಿ ಮತ್ತೊಮ್ಮೆ ಇತ್ತು. ಎರಡೂ ಸೇರಿದಾಗ ಕೆಲವು ಕಂಪನಾಂಕಗಳು ಒಂದನ್ನೊಂದು ತಿಂದುಹಾಕುತ್ತವೆ, ಸ್ನೇರ್ ಟೊಳ್ಳಾಗುತ್ತದೆ. ಮಾತಿನ ಟ್ರ್ಯಾಕನ್ನು 6 ಮಿಲಿಸೆಕೆಂಡ್ ಬೇಗ ಶುರುವಾಗುವಂತೆ ಎಳೆದೆ. ಸ್ನೇರ್ ಸರಿಹೋಯಿತು, ಇವನ ಮೈಕ್‌ಗೆ ಸೋರಿ ಬಂದಿದ್ದ ಬೇಸ್ ಆಂಪ್ಲಿಫಯರ್‌ನ ಶಬ್ದ ಕೆಟ್ಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆ.

ಇದನ್ನು ನುಂಗಿಕೊಳ್ಳಬಹುದಿತ್ತು. ಕೆಲಸ ಕೆಡಿಸಿದ್ದು ಜೋರಾದ ಶಬ್ದವನ್ನು ಅದುಮುವ ಕಂಪ್ರೆಸರ್, ಅದನ್ನು ಹಾಕಿದವನು ನಾನೇ. ರಾಪ್‌ನ ಪ್ರತಿ ಅಕ್ಷರವೂ ಸಮನಾಗಿ ಕೇಳಲಿ ಎಂದು ಅಭ್ಯಾಸಬಲದಿಂದ ಜೋರಾದ ಸಾಲುಗಳನ್ನು 8 ಡೆಸಿಬಲ್‌ನಷ್ಟು ಅದುಮಿ, ಒಟ್ಟು ಮಟ್ಟವನ್ನು ಅಷ್ಟೇ ಮೇಲೆತ್ತಿದೆ. ಅದುಮಿದ್ದು ಮಾತನ್ನು, ಮೇಲೆತ್ತಿದ್ದು ಎಲ್ಲವನ್ನೂ. ಅವನು ಉಸಿರಿಗೆ ನಿಲ್ಲುತ್ತಿದ್ದಂತೆ ಕಂಪ್ರೆಸರ್ ಕೈಬಿಡುತ್ತಿತ್ತು, 8 ಡೆಸಿಬಲ್ ಏರಿದ ಸಿಂಬಲ್‌ಗಳು ಒಡ್ಡು ಒಡೆದಂತೆ ನುಗ್ಗುತ್ತಿದ್ದವು. ಮೆಲು ಶಬ್ದಗಳನ್ನು ಮುಚ್ಚಿಹಾಕುವ ಗೇಟ್ ಹಾಕಿದರೆ ಅದು ಪ್ರತಿ ಸ್ನೇರ್ ಏಟಿಗೂ ಬಾಗಿಲು ತೆರೆಯುತ್ತಿತ್ತು, ಸಾಲಿನ ಕೊನೆಯ ಮೆಲುದನಿಯ 'ಸು', 'ಹು'ಗಳನ್ನು ಕತ್ತರಿಸುತ್ತಿತ್ತು. ಮಾತನ್ನೂ ಡ್ರಮ್ಸನ್ನೂ ಬೇರ್ಪಡಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನೂ ಪ್ರಯತ್ನಿಸಿದೆ; ಅದು ಸಕಾರಗಳನ್ನು ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್‌ನ ಸದ್ದು ಎಂದುಕೊಂಡು ಕಿತ್ತುಹಾಕಿತು, ಉಳಿದದ್ದು ನೀರೊಳಗಿನಿಂದ ಬಂದಂತಿತ್ತು.

ಇಷ್ಟೊಂದು ಸೋರಿಕೆ ಏಕೆ ಎಂದು ತಿಳಿದದ್ದು ಅವರು ರೆಕಾರ್ಡಿಂಗ್ ದಿನದ ವೀಡಿಯೊ ಕಳಿಸಿದಾಗ. ರಾಪರ್ ಮೈಕ್‌ನ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದಿದ್ದ. ನೋಡಲು ಗತ್ತು. ಆದರೆ ಎದುರಿನದನ್ನು ಹಿಡಿದು ಹಿಂದಿನದನ್ನು ಬಿಡಲು ಆ ಮೈಕ್‌ಗೆ ಜಾಲರಿಯ ಹಿಂಭಾಗದ ಕಿಂಡಿಗಳು ತೆರೆದಿರಬೇಕು. ಅವನ್ನು ಮುಚ್ಚಿದರೆ ಅದು ಸುತ್ತಲಿನ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಅವನ ಕಾಲ ಬಳಿ, ಅವನ ದನಿಯನ್ನು ಅವನಿಗೇ ಕೇಳಿಸುವ ಮಾನಿಟರ್ ಸ್ಪೀಕರ್ ಬೇರೆ ಇತ್ತು. ನನಗೆ ಅದರ ಅರ್ಥ ಆಗ ಹೊಳೆಯಲಿಲ್ಲ.

ನಾಲ್ಕನೆಯ ವಾರ ಸೋತು ಹೇಳಿದೆ: "ಮಾತನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡಿ ಕಳಿಸಿ." ಅವನು ಬೇಸರವಿಲ್ಲದೆ ಒಪ್ಪಿದ. "ಹೇಗೂ ಮತ್ತೆ ಹಾಡುತ್ತಿದ್ದೇನಲ್ಲ ಸರ್, ಮೂರನೆಯ ಹಾಡಿನಲ್ಲಿ ಒಂದು ಪದ ಬದಲಿಸುತ್ತೇನೆ" ಎಂದ. 'ಬೆಂಕಿ' ಇದ್ದಲ್ಲಿ 'ಬೂದಿ'. ನನಗೇನು, ಆಗಲಿ ಎಂದೆ.

ಹೊಸ ಟ್ರ್ಯಾಕ್ ಕನ್ನಡಿಯಂತಿತ್ತು. ಹಳೆಯದನ್ನು ತೆಗೆದು ಇದನ್ನು ಇಟ್ಟೆ. 'ಬೂದಿ' ಎಂದಿತು. ಅದರ ಬೆನ್ನಿಗೇ, ಗೋಡೆಯಾಚೆಯಿಂದ ಯಾರೋ ತಿದ್ದಿದಂತೆ, 'ಬೆಂಕಿ' ಎಂದಿತು. ಹಳೆಯ ಟ್ರ್ಯಾಕ್ ಪೂರ್ತಿ ನಿಶ್ಶಬ್ದದಲ್ಲಿತ್ತು. ಒಂದೊಂದೇ ಟ್ರ್ಯಾಕ್ ಮುಚ್ಚುತ್ತಾ ಹೋದೆ. ಓವರ್‌ಹೆಡ್‌ಗಳಲ್ಲಿತ್ತು, ಹೈ-ಹ್ಯಾಟ್ ಮೈಕ್‌ನಲ್ಲಿತ್ತು, ಸ್ನೇರ್ ಮೈಕ್‌ನಲ್ಲೂ ಮಂದವಾಗಿ ಇತ್ತು. ಆ ಮಾನಿಟರ್ ಸ್ಪೀಕರ್ ಅವನ ಮಾತನ್ನು ಕೊಠಡಿಯ ಪ್ರತಿ ಮೈಕ್‌ಗೂ ಹಂಚಿತ್ತು. ಪದ ಬದಲಾಗದ ಸಾಲುಗಳಲ್ಲೂ ಹಳೆಯ ದನಿ ಹೊಸದಕ್ಕಿಂತ ಚೂರು ಮುಂದೆ, ಚೂರು ಹಿಂದೆ ಓಡುತ್ತಿತ್ತು, ಇಬ್ಬರು ಜಗಳವಾಡಿಕೊಂಡು ಹಾಡಿದಂತೆ. ಅವರೆಲ್ಲ ಹೆಡ್‌ಫೋನ್ ಹಾಕಿಕೊಂಡು ನುಡಿಸಿ, ರಾಪರ್ ಬಾಗಿಲಾಚೆ ನಿಂತಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಕೊನೆಗೆ ಹಳೆಯ ಮಾತಿಗೇ ಮರಳಿದೆ. ಕಂಪ್ರೆಸರ್ ಅನ್ನು 2 ಡೆಸಿಬಲ್‌ಗೆ ಇಳಿಸಿ, ಪ್ರತಿ ಸಾಲಿನ ಮಟ್ಟವನ್ನೂ ಕೈಯಿಂದಲೇ ಏರಿಸಿ ಇಳಿಸಿದೆ. ಮಾತಿನ ಮೈಕ್ ಅನ್ನು ಡ್ರಮ್ಸ್‌ನದೇ ಇನ್ನೊಂದು ಮೈಕ್ ಎಂದು ಒಪ್ಪಿಕೊಂಡು ಮೊದಲು ಅದನ್ನು ಕೂರಿಸಿದೆ. ಅದರ ಸುತ್ತ ಕಾಲಿನಿಂದ ಬಾರಿಸುವ ಕಿಕ್ ಡ್ರಮ್, ಸ್ನೇರ್‌ಗಳನ್ನು ತಂದು, ಓವರ್‌ಹೆಡ್‌ಗಳನ್ನು ಹೆಚ್ಚುಕಡಿಮೆ ಮುಚ್ಚಿಯೇಬಿಟ್ಟೆ. ನಾನು ಬಯಸಿದ ಎದುರಿನ ಡ್ರಮ್ಸ್ ಸಿಗಲಿಲ್ಲ, ಕೊಠಡಿಯಲ್ಲಿ ಕುಳಿತು ಕೇಳಿದಂಥದ್ದು ಸಿಕ್ಕಿತು. ಡ್ರಮ್ಮರ್ ಕೇಳಿ, "ಸ್ನೇರ್ ಇನ್ನೂ ಸ್ವಲ್ಪ..." ಎಂದು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ.

'ಬೂದಿ'ಯನ್ನು ಮಾತ್ರ ರಾಪರ್ ಬಿಟ್ಟುಕೊಡಲಿಲ್ಲ. ಆ ಒಂದು ಪದವನ್ನು ಹೊಸ ಟ್ರ್ಯಾಕ್‌ನಿಂದ ತಂದು ಅಂಟಿಸಿದ್ದೇನೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಹಿಂದಿನ 'ಬೆಂಕಿ' ಈಗಲೂ ಸಿಗುತ್ತದೆ.