ಜೂಡೋನಾ, ಎಂಎಂಎನಾ?

ಪಕ್ಕದ ಮನೆ ಹುಡುಗಿ ಹಾಸನದಲ್ಲಿ ಜೂಡೋ ಕಲಿಯುತ್ತಿದ್ದಾಳೆ. ಮೊನ್ನೆ ಗೇಟಿನ ಹತ್ತಿರ ನಿಂತು, 'ಅಂಕಲ್, ಎಂಎಂಎಗೆ ಹೋಗ್ಲಾ?' ಎಂದಳು. ಎಂಎಂಎ ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಶ್ರ ಕಾಳಗ. ಅಮೆರಿಕದ ಕೇಲಾ ಹ್ಯಾರಿಸನ್ ವಿಡಿಯೊ ನೋಡಿದ್ದಳಂತೆ. 2012 ಮತ್ತು 2016ರ ಒಲಿಂಪಿಕ್ಸ್‌ನಲ್ಲಿ ಜೂಡೋ ಚಿನ್ನ, 2025ರಲ್ಲಿ ಎಂಎಂಎಯ ದೊಡ್ಡ ಕೂಟವಾದ ಯುಎಫ್‌ಸಿಯ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ. ಆಸೆ ಆಗದೇ ಇರುತ್ತಾ?

ಮುಖ್ಯ ವ್ಯತ್ಯಾಸ ಬಟ್ಟೆಯದು. ಜೂಡೋದಲ್ಲಿ ಎದುರಾಳಿಯ ಕಾಲರ್, ತೋಳು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಎಂಎಂಎಯಲ್ಲಿ ಹಿಡಿಯೋಕೆ ಬಟ್ಟೆಯೇ ಇಲ್ಲ, ಬೆವರಿಗೆ ಕೈ ಜಾರುತ್ತದೆ. ಕುತ್ತಿಗೆ, ಕಂಕುಳು ಹಿಡಿದು ಎತ್ತಬೇಕು. ಜೂಡೋದಲ್ಲಿ ಕೈಯಿಂದ ಕಾಲು ಹಿಡಿಯುವಂತಿಲ್ಲ, ಇಲ್ಲಿ ಅದೇ ದಿನನಿತ್ಯದ ಪಟ್ಟು. ಬೆನ್ನು ಮೇಲೆ ಮಾಡಿ ಮುದುಡಿಕೊಂಡರೆ ಜೂಡೋ ರೆಫರಿ ಸ್ವಲ್ಪ ಹೊತ್ತಿಗೆ ನಿಲ್ಲಿಸುತ್ತಾರೆ. ಎಂಎಂಎಯಲ್ಲಿ ಹಾಗೆ ಮಲಗಿದರೆ ಗುದ್ದು ಬೀಳುತ್ತದೆ, ಅಷ್ಟೇ.

ಜೂಡೋ ಪಂದ್ಯ 4 ನಿಮಿಷ, ಒಂದು ಇಪ್ಪಾನ್ (ಪೂರ್ಣ ಅಂಕ) ಬಿದ್ದರೆ ಅಲ್ಲಿಗೇ ಮುಗೀತು. ಎಂಎಂಎಯಲ್ಲಿ ಸಾಮಾನ್ಯವಾಗಿ 5 ನಿಮಿಷದ 3 ಸುತ್ತು, ಬೆಲ್ಟಿಗಾದರೆ 5. ಚೆಂದಾಗಿ ಎತ್ತಿ ಒಗೆದರೂ ಪಂದ್ಯ ಮುಗಿಯುವುದಿಲ್ಲ.

ಜೂಡೋದಿಂದ ಎಂಎಂಎಗೆ ಹೋದ ಅಮೆರಿಕದ ರೋಂಡಾ ರೌಸಿಯದು ಗೆಲುವು, ಸೋಲು ಎರಡೂ ಮುಖ. 2008ರ ಬೀಜಿಂಗ್ ಒಲಿಂಪಿಕ್ಸ್ ಜೂಡೋ ಕಂಚು, ಆಮೇಲೆ ಎಂಎಂಎಯಲ್ಲಿ ಮೊಣಕೈ ಹಿಂದಕ್ಕೆ ಒತ್ತುವ ಜೂಡೋ ಪಟ್ಟಿನಿಂದಲೇ ಸಾಲುಸಾಲು ಗೆಲುವು. 2015ರಲ್ಲಿ ಬಾಕ್ಸಿಂಗ್‌ನಿಂದ ಬಂದ ಹಾಲಿ ಹೋಮ್ ಕಾಲು ಬೀಸಿ ತಲೆಗೆ ಒದ್ದು ಸೋಲಿಸಿದಾಗ ಎಲ್ಲ ಬದಲಾಯಿತು.

ಇನ್ನು ಕೆಲಸದ ಮಾತು. ಜೂಡೋ ಮೆಡಲ್ ಇದ್ದರೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬಹುದು. ಎಂಎಂಎಯಲ್ಲಿ ಫೈಟ್ ಸಿಕ್ಕರೆ ದುಡ್ಡು, ಇಲ್ಲದಿದ್ದರೆ ಸುಮ್ನೆ ಕಾಯಬೇಕು.

ನಾನಾದರೆ ಡಿಗ್ರಿ ಮುಗಿಯುವವರೆಗೆ ಜೂಡೋ ಬಿಡುತ್ತಿರಲಿಲ್ಲ. ಜೊತೆಗೆ ವಾರಕ್ಕೆ ಎರಡು ದಿನ ಬಾಕ್ಸಿಂಗ್. ಅವಳಮ್ಮನನ್ನು ಒಪ್ಪಿಸೋದು ಅವಳದೇ ಕೆಲಸ, ನಾನಂತೂ ಮಧ್ಯೆ ಬರಲ್ಲ.